ಗದ್ದಕ್ಕೆ ಪೆಟ್ಟು ಬಿದ್ದ ಮೇಲೆ ಬಾಯಿ ತೆರೆಯಲು ಆಗದಿದ್ದರೆ ಏನು ಮಾಡಬೇಕು

ಗಾಡಿಯಿಂದ ಬಿದ್ದು ಗದ್ದ ಒಡೆದುಕೊಂಡವರಿಗೆ ಹೊಲಿಗೆ ಹಾಕಿ, ಟಿಟಿ ಇಂಜೆಕ್ಷನ್ ಕೊಟ್ಟು ಮನೆಗೆ ಕಳಿಸುತ್ತಾರೆ. ಗದ್ದದ ಗಾಯ ಕಣ್ಣಿಗೆ ಕಾಣುತ್ತದೆ, ರಕ್ತ ಸುರಿಯುತ್ತಿರುತ್ತದೆ, ಹಾಗಾಗಿ ಎಲ್ಲರೂ ಅದನ್ನೇ ನೋಡುತ್ತಾರೆ. ಆದರೆ ಪೆಟ್ಟು ಗದ್ದದಲ್ಲೇ ನಿಲ್ಲುವುದಿಲ್ಲ. ಕೆಳದವಡೆ ಕುದುರೆ ಲಾಳದ ಹಾಗೆ ಬಾಗಿರುವ ಒಂದೇ ಮೂಳೆ. ಮುಂದೆ ಬಡಿದರೆ ಆ ಏಟು ಎರಡೂ ಕಡೆಯಿಂದ ಹಿಂದಕ್ಕೆ ಹೋಗಿ, ಕಿವಿಯ ಮುಂದೆ ಇರುವ ಕೀಲಿಗೆ ತಗಲುತ್ತದೆ.

ನನಗೂ ಹೀಗೇ ಆಯಿತು. ಮಳೆಯಲ್ಲಿ ಸ್ಕೂಟರ್ ಜಾರಿ, ಗದ್ದದ ಕೆಳಗೆ ಐದು ಹೊಲಿಗೆ ಬಿತ್ತು. ಹೊಲಿಗೆ ಹಾಕಿದ ಕಡೆ ಯಾರೂ ಬಾಯಿ ತೆರೆಸಿ ನೋಡಲಿಲ್ಲ, ನನಗೂ ಕೇಳಬೇಕು ಅಂತ ಹೊಳೆಯಲಿಲ್ಲ. ಗಾಯ ಮಾಗಿತು. ಆರು ವಾರ ಕಳೆದರೂ ಇಡ್ಲಿಯನ್ನು ಚೂರು ಮಾಡದೆ ಬಾಯಿಗೆ ಹಾಕಲು ಆಗುತ್ತಿರಲಿಲ್ಲ. ಕೊನೆಗೆ ಎರಡು ಸೂಜಿಯಲ್ಲಿ ಕೀಲು ತೊಳೆಸಿಕೊಂಡೆ. ದೊಡ್ಡ ಆಪರೇಷನ್ ಬೇಕಾಗಲಿಲ್ಲ. ಆ ದಾರಿಯಲ್ಲಿ ನಾನು ಕಲಿತದ್ದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ. ಇದನ್ನು ಓದಿ ಒಬ್ಬರಾದರೂ ಆರು ವಾರ ಸುಮ್ನೆ ಕಾಯದೆ ಮೊದಲ ವಾರದಲ್ಲೇ ತೋರಿಸಿಕೊಳ್ಳಲಿ ಅನ್ನುವುದು ನನ್ನ ಆಸೆ.

ಮೊದಲು ಕೀಲು ಹೇಗಿದೆ ಅಂತ ತಿಳಿದುಕೊಳ್ಳಿ. ಕಿವಿಯ ತೂತಿನ ಮುಂದೆ ಬೆರಳಿಟ್ಟು ನಿಧಾನವಾಗಿ ಬಾಯಿ ತೆರೆಯಿರಿ. ಮೊದಲು ಬೆರಳಡಿ ಒಂದು ಗುಂಡು ಇದ್ದಲ್ಲೇ ತಿರುಗಿದಂತೆ ಅನಿಸುತ್ತದೆ. ಇನ್ನೂ ತೆರೆದರೆ ಅದೇ ಗುಂಡು ಮುಂದಕ್ಕೆ ಜಾರುತ್ತದೆ. ಇದು ಟಿಎಂಜೆ, ಅಂದರೆ ದವಡೆ ಕೀಲು. ಗುಂಡಿಗೂ ತಲೆಬುರುಡೆಯ ಗುಳಿಗೂ ನಡುವೆ ಒಂದು ತೆಳ್ಳಗಿನ, ಗಟ್ಟಿಯಾದ ಮೆತ್ತೆ ಇದೆ, ಅದಕ್ಕೆ ಡಿಸ್ಕ್ ಅನ್ನುತ್ತಾರೆ. ಡಿಸ್ಕಿನ ಮೇಲೊಂದು, ಕೆಳಗೊಂದು ಪುಟ್ಟ ಕೋಣೆ. ಎರಡರಲ್ಲೂ ಎಣ್ಣೆಯಂಥ ನೀರು ಸ್ವಲ್ಪ ಇರುತ್ತದೆ. ತಿರುಗುವ ಕೆಲಸ ಕೆಳಗಿನ ಕೋಣೆಯಲ್ಲಿ, ಜಾರುವ ಕೆಲಸ ಮೇಲಿನ ಕೋಣೆಯಲ್ಲಿ ನಡೆಯುತ್ತದೆ.

ಪೆಟ್ಟು ಬಿದ್ದಾಗ ಮೂರು ಥರ ಹಾನಿ ಆಗಬಹುದು. ಗುಂಡಿನ ಕತ್ತು, ಅಂದರೆ ಗುಂಡಿನ ಕೆಳಗೆ ದವಡೆ ಮೂಳೆ ಸಣ್ಣಗಾಗುವ ಜಾಗ, ಮುರಿಯಬಹುದು. ಕೀಲಿನೊಳಗೆ ರಕ್ತ ತುಂಬಿಕೊಳ್ಳಬಹುದು. ಡಿಸ್ಕ್ ಮುಂದಕ್ಕೆ ಸರಿದು ಬಾಗಿಲಿಗೆ ಅಡ್ಡ ಇಟ್ಟ ಕಲ್ಲಿನಂತೆ ಕೂರಬಹುದು. ಒಳಗೆ ನಿಂತ ರಕ್ತ ಹಾಗೇ ಉಳಿದರೆ, ದವಡೆಯನ್ನೂ ಆಡಿಸದೆ ಇದ್ದರೆ, ಒಳಗೆ ನಾರುನಾರಾಗಿ ಅಂಟಿಕೊಳ್ಳುತ್ತದೆ. ನನ್ನ ಕೀಲಿನಲ್ಲಿ ಕೊನೆಯ ಎರಡೂ ಆಗಿದ್ದವು: ಡಿಸ್ಕ್ ಸರಿದಿತ್ತು, ಅಂಟೂ ಇತ್ತು.

ಈಗ ನೀವು ಮಾಡಬೇಕಾದ್ದಕ್ಕೆ ಬರೋಣ. ಬಿದ್ದ ದಿನವೇ ಕನ್ನಡಿ ಮುಂದೆ ನಿಂತು ನಾಲ್ಕು ವಿಷಯ ನೋಡಿಕೊಳ್ಳಿ. ಹಲ್ಲು ಮೊದಲಿನ ಹಾಗೆ ಕೂರುತ್ತಿವೆಯಾ? ಒಂದು ಕಡೆಯ ದವಡೆ ಹಲ್ಲು ಬೇಗ ತಾಗಿ ಮುಂದಿನ ಹಲ್ಲುಗಳ ನಡುವೆ ಸಂದಿ ಉಳಿಯುತ್ತಿದ್ದರೆ, ಗುಂಡಿನ ಕತ್ತು ಮುರಿದಿರುವ ಸಾಧ್ಯತೆ ದೊಡ್ಡದು. ಬಾಯಿ ತೆರೆಯುವಾಗ ಗದ್ದ ಒಂದು ಕಡೆಗೆ ಎಳೆಯುತ್ತಿದೆಯಾ? ಸಾಮಾನ್ಯವಾಗಿ ಅದು ಪೆಟ್ಟಾದ ಕಡೆಗೇ ಎಳೆಯುತ್ತದೆ. ಕಿವಿಯಿಂದ ರಕ್ತ ಬಂದಿದೆಯಾ? ಕೆಳತುಟಿ ಮರಗಟ್ಟಿದೆಯಾ? ಇವುಗಳಲ್ಲಿ ಒಂದು ಇದ್ದರೂ ಅದೇ ದಿನ ಆಸ್ಪತ್ರೆಗೆ ಹೋಗಿ. ಜ್ಞಾನ ತಪ್ಪಿದ್ದರೆ, ವಾಂತಿ ಆಗುತ್ತಿದ್ದರೆ, ಕಿವಿ ಅಥವಾ ಮೂಗಿನಿಂದ ನೀರಿನಂಥದ್ದು ಸೋರುತ್ತಿದ್ದರೆ ದವಡೆಯ ಮಾತು ಆಮೇಲೆ, ಮೊದಲು ತಲೆಯನ್ನು ನೋಡಬೇಕು.

ಇನ್ನೊಂದು ಮಾತನ್ನು ಮರೆಯಬೇಡಿ. ಟಿಟಿ ಹಾಕಿಸದೆ ಇದ್ದು, ಗಾಯವಾದ ಕೆಲವು ದಿನಗಳ ಮೇಲೆ ದವಡೆ ಬಿಗಿಯುತ್ತಾ ಬಂದರೆ, ಕತ್ತು ಬೆನ್ನು ಸೆಟೆಯುತ್ತಿದ್ದರೆ, ಅದು ಧನುರ್ವಾಯು ಇರಬಹುದು. ಅದಕ್ಕೆ ಕೀಲಿನ ಚಿಕಿತ್ಸೆ ಅಲ್ಲ, ತಕ್ಷಣ ದೊಡ್ಡಾಸ್ಪತ್ರೆ.

ಎರಡನೇ ಕೆಲಸ ಅಳತೆ. ಇದನ್ನು ಯಾರೂ ಹೇಳಿಕೊಡುವುದಿಲ್ಲ, ಆದರೆ ಇದಕ್ಕಿಂತ ಉಪಯೋಗದ ಕೆಲಸ ಇನ್ನೊಂದಿಲ್ಲ. ಮಕ್ಕಳ ಸ್ಕೇಲ್ ತೆಗೆದುಕೊಳ್ಳಿ. ಎಷ್ಟಾಗುತ್ತದೋ ಅಷ್ಟು ಬಾಯಿ ತೆರೆದು, ಮೇಲಿನ ಮುಂಬಲ್ಲಿನ ತುದಿಯಿಂದ ಕೆಳಗಿನ ಮುಂಬಲ್ಲಿನ ತುದಿಯವರೆಗೆ ಅಳೆಯಿರಿ. ಸ್ಕೇಲಿನ ಸೊನ್ನೆ ಗೆರೆ ಅಂಚಿನಿಂದ ಸ್ವಲ್ಪ ಒಳಗೆ ಇರುತ್ತದೆ, ಅದನ್ನು ಗಮನಿಸಿ. ದೊಡ್ಡವರಲ್ಲಿ ಸಾಮಾನ್ಯವಾಗಿ 35ರಿಂದ 55 ಮಿ.ಮೀ. ಬರುತ್ತದೆ. ಸ್ಕೇಲ್ ಇಲ್ಲದಿದ್ದರೆ ನಿಮ್ಮದೇ ಮೂರು ಬೆರಳನ್ನು ಜೋಡಿಸಿ ನಿಲ್ಲಿಸಿ ನೋಡಿ, ಹಿಡಿಸಬೇಕು. ದಿನಾಂಕ ಹಾಕಿ ಬರೆದಿಡಿ. ನನ್ನದು 24 ಇತ್ತು. ಆ ಅಂಕಿಯಲ್ಲೇ ಸುಳಿವು ಇತ್ತು ಅಂತ ಆಮೇಲೆ ಗೊತ್ತಾಯಿತು. ತಿರುಗುವ ಚಲನೆ ಒಂದರಿಂದಲೇ 20ರಿಂದ 25ರವರೆಗೆ ಬಾಯಿ ತೆರೆಯುತ್ತದೆ. ಅಲ್ಲಿಗೇ ನಿಂತಿತು ಅಂದರೆ ಗುಂಡು ತಿರುಗುತ್ತಿದೆ, ಮುಂದಕ್ಕೆ ಜಾರುತ್ತಿಲ್ಲ ಅಂತ ಅರ್ಥ.

ಯಾರಿಗೆ ತೋರಿಸಬೇಕು? ನಾನು ಮೊದಲು ಕಿವಿ ಡಾಕ್ಟರ ಹತ್ತಿರ ಹೋದೆ, ಯಾಕೆಂದರೆ ನೋವು ಕಿವಿಯಲ್ಲೇ ಇದ್ದಂತೆ ಅನಿಸುತ್ತಿತ್ತು. ಕಿವಿ ಸರಿಯಾಗಿತ್ತು. ನಿಮಗೆ ಬೇಕಾದವರು ಓರಲ್ ಅಂಡ್ ಮ್ಯಾಕ್ಸಿಲೋಫೇಶಿಯಲ್ ಸರ್ಜನ್, ಅಂದರೆ ದಂತ ವೈದ್ಯಕೀಯ ಓದಿ ಆಮೇಲೆ ಬಾಯಿ, ದವಡೆ, ಮುಖದ ಸರ್ಜರಿಯಲ್ಲಿ ಎಂಡಿಎಸ್ ಅನ್ನುವ ಮೇಲಿನ ಪದವಿ ಮಾಡಿದವರು. ದೊಡ್ಡ ದಂತ ಕಾಲೇಜುಗಳಲ್ಲಿ ಈ ವಿಭಾಗ ಇದ್ದೇ ಇರುತ್ತದೆ. ಬೆಂಗಳೂರಿನ ಸರ್ಕಾರಿ ದಂತ ಕಾಲೇಜು, ಧಾರವಾಡದ ಎಸ್‌ಡಿಎಂ, ಮೈಸೂರಿನ ಜೆಎಸ್‌ಎಸ್, ಮಣಿಪಾಲ, ಬೆಳಗಾವಿಯ ಕೆಎಲ್‌ಇ, ಹೀಗೆ ನಿಮಗೆ ಹತ್ತಿರ ಇರುವ ಕಡೆ ವಿಚಾರಿಸಿ. ಹೋದಾಗ ನೇರವಾಗಿ ಕೇಳಿ: ನೀವು ದವಡೆ ಕೀಲು ತೊಳೆಯುವ ಆರ್ತ್ರೋಸೆಂಟೆಸಿಸ್ ಮಾಡುತ್ತೀರಾ? ಕೇಳುವುದರಲ್ಲಿ ಸಂಕೋಚ ಬೇಡ. ಅಪಘಾತದ ದಿನದ ಚೀಟಿಯಲ್ಲಿ ದವಡೆ ನೋವಿನ ವಿಷಯವನ್ನೂ ಬರೆಸಿಕೊಂಡಿದ್ದರೆ ಮುಂದೆ ಇನ್ಶೂರೆನ್ಸ್‌ಗೆ ಅನುಕೂಲ. ನನ್ನ ಚೀಟಿಯಲ್ಲಿ ಬರೀ ಗದ್ದದ ಗಾಯ ಅಂತ ಇತ್ತು, ಅದನ್ನು ಸರಿಪಡಿಸಲು ತುಂಬಾ ಓಡಾಡಿದೆ.

ಸ್ಕ್ಯಾನ್ ವಿಷಯ ಚುಟುಕಾಗಿ ಹೇಳುತ್ತೇನೆ. ಓಪಿಜಿ ಅಂದರೆ ಇಡೀ ದವಡೆಯ ಒಂದೇ ಎಕ್ಸ್‌ರೇ, ಮುರಿದಿದೆಯಾ ಅಂತ ಮೊದಲ ನೋಟಕ್ಕೆ ಸಾಕು. ಮುರಿತದ ಅನುಮಾನ ಇದ್ದರೆ ಸಿಟಿ ಅಥವಾ ಸಿಬಿಸಿಟಿ, ಅಂದರೆ ಮೂಳೆಯನ್ನು ಮೂರು ಆಯಾಮದಲ್ಲಿ ತೋರಿಸುವ ಸ್ಕ್ಯಾನ್. ಡಿಸ್ಕ್ ಎಕ್ಸ್‌ರೇಯಲ್ಲೂ ಸಿಟಿಯಲ್ಲೂ ಸರಿಯಾಗಿ ಕಾಣುವುದಿಲ್ಲ, ಅದಕ್ಕೆ ಎಂಆರ್‌ಐ ಬೇಕು. ಬಾಯಿ ಮುಚ್ಚಿ ಒಮ್ಮೆ, ತೆರೆದು ಒಮ್ಮೆ ತೆಗೆಯುತ್ತಾರೆ.

ಎಲ್ಲ ಬಿಗಿತವೂ ಕೀಲಿನದ್ದಲ್ಲ ಅನ್ನುವುದೂ ಗೊತ್ತಿರಲಿ. ಕೆನ್ನೆಯ ಸ್ನಾಯು ಹಿಡಿದುಕೊಂಡಿದ್ದರೂ ಬಾಯಿ ತೆರೆಯುವುದಿಲ್ಲ. ಅಡಿಕೆ, ಗುಟ್ಕಾ ಜಗಿಯುವವರಿಗೆ ಕೆನ್ನೆಯ ಒಳಪದರವೇ ಗಟ್ಟಿಯಾಗಿ ಬಾಯಿ ಕಿರಿದಾಗುತ್ತದೆ. ನಮ್ಮ ಕಡೆ ಇದು ಜಾಸ್ತಿ. ಬುದ್ಧಿ ಹಲ್ಲಿನ ಕೀವಿನಿಂದಲೂ ಹೀಗಾಗುತ್ತದೆ. ಇವಕ್ಕೆಲ್ಲ ಕೀಲು ತೊಳೆದರೆ ಏನೂ ಪ್ರಯೋಜನ ಇಲ್ಲ. ಸರ್ಜನ್ ಬೆರಳಿನಿಂದ ಮೆಲ್ಲಗೆ ಒತ್ತಿ ಬಾಯಿ ತೆರೆಸಿ ನೋಡುತ್ತಾರೆ. ರಬ್ಬರಿನಂತೆ ಸ್ವಲ್ಪ ಸ್ವಲ್ಪವೇ ಸಡಿಲವಾದರೆ ಸ್ನಾಯು, ಗೋಡೆಗೆ ತಾಗಿದಂತೆ ಟಕ್ಕನೆ ನಿಂತರೆ ಕೀಲು, ಹೀಗೆ ಅಂದಾಜು ಸಿಗುತ್ತದೆ.

ಮುರಿತ ಇಲ್ಲ ಅಂತ ಖಾತ್ರಿಯಾದ ಮೇಲೆ ಮೊದಲ ಎರಡು ದಿನ ಐಸ್, ಬಟ್ಟೆಯಲ್ಲಿ ಸುತ್ತಿ ಹತ್ತು ನಿಮಿಷ, ದಿನಕ್ಕೆ ನಾಲ್ಕೈದು ಸಲ. ಆಮೇಲೆ ಬಿಸಿ ಶಾಖ. ನೋವಿನ ಮಾತ್ರೆಯನ್ನು ಡಾಕ್ಟರ್ ಹೇಳಿದಷ್ಟೇ ದಿನ ತೆಗೆದುಕೊಳ್ಳಿ. ಊಟ ಮೆತ್ತಗಿರಲಿ. ಇಲ್ಲಿ ನಮ್ಮ ಊಟವೇ ನಮಗೆ ವರ. ರಾಗಿ ಮುದ್ದೆಯನ್ನು ಜಗಿಯುವುದೇ ಇಲ್ಲ, ನುಂಗುತ್ತೇವೆ. ಚಿಕ್ಕ ಚಿಕ್ಕ ತುತ್ತು ಮುರಿದು ತೆಳ್ಳಗಿನ ಸಾರಿನಲ್ಲಿ ಅದ್ದಿ ನುಂಗಿದರೆ ಹೊಟ್ಟೆಯೂ ತುಂಬುತ್ತದೆ, ಕೀಲಿಗೂ ವಿಶ್ರಾಂತಿ. ಅಂಬಲಿ, ಗಂಜಿ, ಮೊಸರನ್ನ, ಮೆತ್ತಗೆ ಬೇಯಿಸಿದ ಬಿಸಿಬೇಳೆ ಬಾತ್ ಎಲ್ಲ ಸರಿ. ಕಡಕ್ ರೊಟ್ಟಿ, ಚಕ್ಕುಲಿ, ನಿಪ್ಪಟ್ಟು, ಕೊಬ್ಬರಿ, ಕಬ್ಬು, ಚೂಯಿಂಗ್ ಗಮ್ ಬೇಡ. ಆಕಳಿಕೆ ಬಂದಾಗ ಗದ್ದದ ಕೆಳಗೆ ಮುಷ್ಟಿ ಇಟ್ಟುಕೊಳ್ಳಿ. ಮಾತಾಡದೆ ಇರುವಾಗ ತುಟಿ ಮುಚ್ಚಿರಲಿ, ಆದರೆ ಹಲ್ಲಿಗೆ ಹಲ್ಲು ತಾಗದಿರಲಿ. ರಾತ್ರಿ ಹಲ್ಲು ಕಡಿಯುವ ಅಭ್ಯಾಸ ಇರುವವರಿಗೆ ಸ್ಪ್ಲಿಂಟ್ ಅಂತ ಒಂದು ಪ್ಲಾಸ್ಟಿಕ್ ಕವಚ ಮಾಡಿಕೊಡುತ್ತಾರೆ. ಹಾಕಿ ತೆಗೆಯಬಹುದಾದ್ದು ಆದರೆ ಸರಿ. ಇದೇ ಹೊತ್ತಲ್ಲಿ ಯಾರಾದರೂ ನಿಮ್ಮ ಹಲ್ಲನ್ನು ಉಜ್ಜಿ ಕಚ್ಚುವ ರೀತಿ ಸರಿಮಾಡುತ್ತೇನೆ ಅಂದರೆ ಒಪ್ಪಬೇಡಿ. ಉಜ್ಜಿದ ಹಲ್ಲು ಮತ್ತೆ ಬರುವುದಿಲ್ಲ.

ಮೆತ್ತಗಿನ ಊಟ ಅಂದರೆ ದವಡೆಯನ್ನು ಆಡಿಸದೆ ಕೂರುವುದು ಅಲ್ಲ. ನಾನು ಮಾಡಿದ ತಪ್ಪು ಇದೇ. ನೋಯುತ್ತದೆ ಅಂತ ಬಾಯಿ ಮುಚ್ಚಿಕೊಂಡೇ ಇದ್ದೆ. ಆ ವಾರಗಳಲ್ಲಿ ಒಳಗೆ ಅಂಟು ಗಟ್ಟಿಯಾಯಿತು.

ಮಾತ್ರೆ, ಶಾಖ, ವ್ಯಾಯಾಮ ಇವನ್ನು ಕೆಲವು ವಾರ ಸರಿಯಾಗಿ ಮಾಡಿದರೆ ಎಷ್ಟೋ ಜನರಿಗೆ ಅಷ್ಟೇ ಸಾಕಾಗುತ್ತದೆ. ಆದರೂ ಬಾಯಿ ತೆರೆಯದೆ ಗೋಡೆಗೆ ತಾಗಿದಂತೆ ನಿಂತಿದ್ದರೆ ಆಗ ಕೀಲು ತೊಳೆಯುವ ಮಾತು ಬರುತ್ತದೆ.

ಈ ವಿಧಾನ ಬಂದ ಕಥೆ ನನಗೆ ತುಂಬಾ ಇಷ್ಟ. 1975ರಲ್ಲಿ ಜಪಾನಿನ ಮಸತೋಶಿ ಓನಿಶಿ ಅನ್ನುವವರು ದವಡೆ ಕೀಲಿನೊಳಗೆ ಸಣ್ಣ ದುರ್ಬೀನು ತೂರಿಸಿ ನೋಡಿದ್ದನ್ನು ಪ್ರಕಟಿಸಿದರು. ದುರ್ಬೀನು ಕೆಲಸ ಮಾಡಬೇಕಾದರೆ ಕೀಲಿಗೆ ನೀರು ಹಾಯಿಸುತ್ತಲೇ ಇರಬೇಕು. ಆಮೇಲಿನ ವರ್ಷಗಳಲ್ಲಿ ಸರ್ಜನ್‌ಗಳಿಗೆ ಒಂದು ವಿಷಯ ಕಂಡಿತು: ಡಿಸ್ಕನ್ನು ಜಾಗಕ್ಕೆ ತರದೆ, ಬರೀ ತೊಳೆದು ಅಂಟು ಬಿಡಿಸಿದರೂ ರೋಗಿಗಳ ಬಾಯಿ ತೆರೆಯುತ್ತಿತ್ತು. ಹಾಗಾದರೆ ದುರ್ಬೀನು ಯಾಕೆ ಬೇಕು? 1991ರಲ್ಲಿ ಡೊರಿಟ್ ನಿಟ್ಜಾನ್, ಡಾಲ್ವಿಕ್, ಮಾರ್ಟಿನೆಜ್ ಅನ್ನುವ ಮೂವರು ಸೇರಿ ಎರಡು ಸೂಜಿಯಲ್ಲೇ ಕೀಲು ತೊಳೆಯುವ ವಿಧಾನವನ್ನು ಬರೆದರು. ಅದಕ್ಕಿಂತ ಮುಂಚೆ 1980ರ ದಶಕದಲ್ಲಿ ಅಮೆರಿಕದಲ್ಲಿ ಡಿಸ್ಕ್ ಕಿತ್ತು ಅಲ್ಲಿ ಪ್ರೊಪ್ಲಾಸ್ಟ್-ಟೆಫ್ಲಾನ್ ಅನ್ನುವ ಕೃತಕ ವಸ್ತುವಿನ ತುಂಡು ಇಟ್ಟಿದ್ದರು. ಆ ತುಂಡುಗಳು ಒಳಗೇ ಪುಡಿಯಾಗಿ, ಸುತ್ತಲಿನ ಮೂಳೆ ಸವೆದು, ಎಷ್ಟೋ ಜನ ಜೀವನಪೂರ್ತಿ ನರಳಿದರು. ಕಡಿಮೆ ಕೊಯ್ಯುವುದೇ ಮೊದಲು ಅನ್ನುವ ಮಾತಿನ ಹಿಂದೆ ಇಂಥ ನೋವು ಇದೆ.

ನನಗೆ ಮಾಡಿದ್ದನ್ನು ಹೇಳುತ್ತೇನೆ. ಬೆಳಗ್ಗೆ ಹೋಗಿ ಮಧ್ಯಾಹ್ನ ಮನೆಗೆ ಬಂದೆ. ರಕ್ತ ತೆಳ್ಳಗೆ ಮಾಡುವ ಮಾತ್ರೆ ತೆಗೆದುಕೊಳ್ಳುತ್ತೀರಾ, ಜ್ವರ ಇದೆಯಾ, ಆ ಜಾಗದ ಚರ್ಮದಲ್ಲಿ ಗುಳ್ಳೆ ಇದೆಯಾ, ಯಾವುದಾದರೂ ಔಷಧಿ ಅಲರ್ಜಿಯಾ ಅಂತ ಕೇಳಿದರು. ಇವನ್ನು ಅವರು ಕೇಳದಿದ್ದರೂ ನೀವೇ ಹೇಳಿ. ಕಿವಿಯ ಮುಂದಿನ ಕೂದಲನ್ನು ಸರಿಸಿ ಟೇಪ್ ಹಾಕಿದರು. ಕಿವಿಗೆ ಹತ್ತಿ ಇಟ್ಟರು. ಕಿವಿಯ ತೂತಿನ ಮುಂದೆ ಚಾಚಿಕೊಂಡಿರುವ ಪುಟ್ಟ ಉಬ್ಬಿನ ನಡುವಿನಿಂದ ಕಣ್ಣಿನ ಹೊರ ಮೂಲೆಯವರೆಗೆ ಪೆನ್ನಲ್ಲಿ ಗೆರೆ ಎಳೆದರು. ಆ ಗೆರೆಯ ಮೇಲೆ 10 ಮಿ.ಮೀ. ಮುಂದೆ, 2 ಮಿ.ಮೀ. ಕೆಳಗೆ ಒಂದು ಚುಕ್ಕೆ. 20 ಮಿ.ಮೀ. ಮುಂದೆ, 10 ಮಿ.ಮೀ. ಕೆಳಗೆ ಇನ್ನೊಂದು. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟರು. ಹಲ್ಲು ಕೀಳಿಸಿಕೊಂಡವರಿಗೆ ಗೊತ್ತಿರುವಂಥದ್ದೇ ಚುಚ್ಚು. ತುಂಬಾ ಹೆದರುವವರಿಗೆ ಮಂಪರು ಬರಿಸಿಯೂ ಮಾಡುತ್ತಾರೆ.

ಮೊದಲ ಸೂಜಿಯಿಂದ ಎರಡು ಮೂರು ಮಿ.ಲೀ. ದ್ರವ ಬಿಟ್ಟು ಮೇಲಿನ ಕೋಣೆಯನ್ನು ಉಬ್ಬಿಸುತ್ತಾರೆ. ಆಗ ಕಿವಿಯೊಳಗೆ ಒತ್ತಿದಂತೆ ಆಗುತ್ತದೆ, ಗದ್ದ ತಾನಾಗಿ ಆ ಕಡೆಯಿಂದ ಸ್ವಲ್ಪ ಸರಿಯುತ್ತದೆ. ಎರಡನೇ ಸೂಜಿ ಹಾಕಿದ ಕೂಡಲೇ ಅದರಿಂದ ದ್ರವ ಹೊರಗೆ ಬರುತ್ತದೆ. ಒಂದು ಒಳಬಾಗಿಲು, ಒಂದು ಹೊರಬಾಗಿಲು. ಆಮೇಲೆ ರಿಂಗರ್ ಲ್ಯಾಕ್ಟೇಟ್, ಅಂದರೆ ನಾವು ಗ್ಲೂಕೋಸ್ ಬಾಟಲಿ ಅಂತ ಸುಮ್ನೆ ಕರೆಯುವ ಬಾಟಲಿಗಳಲ್ಲಿ ಒಂದು, ಅದನ್ನು ಸಿರಿಂಜಿನಲ್ಲಿ ಎಳೆದು ಎಳೆದು ಹಾಯಿಸಿದರು. ನನಗೆ 200 ಮಿ.ಲೀ. ಆಯಿತು. ನಡುನಡುವೆ ಹೊರಗಿನ ಸೂಜಿಯನ್ನು ಬೆರಳಿನಿಂದ ಮುಚ್ಚಿ ಒಳಗೆ ಒತ್ತಡ ಏರಿಸುತ್ತಿದ್ದರು. ಅಂಟು ಬಿಡುವುದು ಆ ಒತ್ತಡಕ್ಕೆ. ಸೂಜಿ ಕೀಲಿನಲ್ಲಿ ಇರುವಾಗಲೇ "ಈಗ ತೆರೆಯಿರಿ, ಬಲಕ್ಕೆ ಸರಿಸಿ, ಎಡಕ್ಕೆ ಸರಿಸಿ" ಅಂತ ಸರ್ಜನ್ ಮೇಡಂ ಹೇಳುತ್ತಾ ಹೋದರು. ಒಂದು ಹಂತದಲ್ಲಿ ಒಳಗೆ ಟಪ್ ಅಂತ ಏನೋ ಬಿಟ್ಟಿತು. ಗೋಡೆ ಸರಿದಂತಾಯಿತು. ಕೊನೆಗೆ ಹಯಲುರಾನಿಕ್ ಆ್ಯಸಿಡ್ ಅಂತ ಮಂದನೆಯ ಜಾರುವ ದ್ರವವನ್ನು ಸುಮಾರು 1 ಮಿ.ಲೀ. ಬಿಟ್ಟು ಸೂಜಿ ತೆಗೆದರು. ಕೆಲವರು ಇದರ ಬದಲು ರೋಗಿಯದೇ ರಕ್ತದಿಂದ ತೆಗೆದ, ಪ್ಲೇಟ್‌ಲೆಟ್ ಹೆಚ್ಚಿರುವ ಪಿಆರ್‌ಪಿ ಹಾಕುತ್ತಾರೆ, ಕೆಲವರು ಸ್ಟೆರಾಯ್ಡ್. ಎಲ್ಲ ಸೇರಿ ಅರ್ಧ ಗಂಟೆ. ಹೊಲಿಗೆ ಇಲ್ಲ, ಎರಡು ಚಿಕ್ಕ ಪ್ಲಾಸ್ಟರ್ ಅಷ್ಟೇ. ಮೇಜಿನ ಮೇಲೇ ಅಳೆದರು, 37 ಮಿ.ಮೀ.

ಅಲ್ಲಿ ಏನು ನಡೆಯಿತು ಅಂದರೆ, ಪೆಟ್ಟಾದ ಕೀಲಿನಲ್ಲಿ ಡಿಸ್ಕ್ ಮೇಲಿನ ಗುಳಿಗೆ ನೀರಲ್ಲಿ ಅದ್ದಿದ ಎರಡು ಗಾಜಿನ ಹಾಳೆಗಳಂತೆ ಅಂಟಿ ಕೂತಿರುತ್ತದೆ. ನೀರು ಹಾಯಿಸಿದಾಗ ಆ ಹಿಡಿತ ಬಿಡುತ್ತದೆ. ನೋವು, ಊತ ತರುವ ರಾಸಾಯನಿಕಗಳು, ಹಳೆಯ ರಕ್ತದ ಚೂರು ಕೊಚ್ಚಿ ಹೋಗುತ್ತವೆ. ಡಿಸ್ಕ್ ತನ್ನ ಜಾಗಕ್ಕೆ ಮರಳಿತು ಅಂತ ಮಾತ್ರ ತಿಳಿಯಬೇಡಿ. ಎಷ್ಟೋ ಜನರಲ್ಲಿ ಅದು ಸರಿದ ಜಾಗದಲ್ಲೇ ಇರುತ್ತದೆ, ಆದರೂ ನೋವು ಇಳಿದು ಬಾಯಿ ತೆರೆಯುತ್ತದೆ. ಮತ್ತೆ ಎಂಆರ್‌ಐ ಮಾಡಿಸಿ ಡಿಸ್ಕ್ ಇನ್ನೂ ಸರಿದಿದೆ ಅಂತ ಬಂದರೆ ಗಾಬರಿ ಬೇಡ. ಅಳತೆ ಮತ್ತು ನೋವು ನೋಡಿ.

ಆ ದಿನ ಏನೇನು ಆಗಬಹುದು ಅಂತ ಮೊದಲೇ ಗೊತ್ತಿದ್ದರೆ ಒಳ್ಳೆಯದು. ಕೀಲಿನೊಳಗೆ ದ್ರವ ಇರುವುದರಿಂದ ಆ ಕಡೆಯ ಹಿಂದಿನ ಹಲ್ಲು ಕೆಲವು ಗಂಟೆ ಸರಿಯಾಗಿ ಕೂರುವುದಿಲ್ಲ. ಮರಗಟ್ಟಿಸುವ ಔಷಧಿ ಮುಖದ ನರಕ್ಕೆ ಹರಡಿದರೆ ಕಣ್ಣಿನ ರೆಪ್ಪೆ ಪೂರ್ತಿ ಮುಚ್ಚುವುದಿಲ್ಲ, ಹಣೆ ಒಂದು ಕಡೆ ಸುಕ್ಕಾಗುವುದಿಲ್ಲ. ನನಗೆ ಎರಡು ಗಂಟೆ ಹಾಗಿತ್ತು, ಅಮ್ಮ ನೋಡಿ ಅತ್ತುಬಿಟ್ಟಳು. ಔಷಧಿ ಇಳಿದ ಹಾಗೆ ಹೋಯಿತು. ಕೆನ್ನೆ ಊದುವುದು ಸಾಮಾನ್ಯ, ಒಂದೆರಡು ದಿನದಲ್ಲಿ ಇಳಿಯುತ್ತದೆ. ಮಾರನೇ ದಿನವೂ ರೆಪ್ಪೆ ಮುಚ್ಚದಿದ್ದರೆ, ಜ್ವರ ಬಂದರೆ, ಊತ ಏರುತ್ತಾ ಹೋದರೆ, ಕಿವಿ ಕೇಳಿಸದಿದ್ದರೆ ತಕ್ಷಣ ಫೋನ್ ಮಾಡಿ.

ಇನ್ನು ವ್ಯಾಯಾಮ. ಸೂಜಿ ಬಾಗಿಲು ತೆಗೆಯುತ್ತದೆ, ಅದು ಮತ್ತೆ ಮುಚ್ಚದಂತೆ ಹಿಡಿಯುವುದು ನೀವು. ಮಾರನೇ ದಿನ ನನ್ನ 37 ಇಳಿದು 32 ಆಗಿತ್ತು. ಅದೇ ದಿನ ಶುರು ಮಾಡಿಸಿದರು. ಮೊದಲು ಹತ್ತು ನಿಮಿಷ ಶಾಖ. ಆಮೇಲೆ ನಾಲಿಗೆ ತುದಿಯನ್ನು ಮೇಲಿನ ಹಲ್ಲಿನ ಹಿಂದೆ ಅಂಗುಳಿಗೆ ಇಟ್ಟು, ಅದು ಬಿಡದಂತೆ ಮೆಲ್ಲಗೆ ತೆರೆದು ಮುಚ್ಚುವುದು, ಹತ್ತು ಸಲ. ಕನ್ನಡಿಯಲ್ಲಿ ಗದ್ದ ನೇರವಾಗಿ ಇಳಿಯುತ್ತಿದೆಯಾ ನೋಡಿಕೊಳ್ಳಿ, ಎಳೆದರೆ ಬೆರಳಿನಿಂದ ತಿದ್ದಿ. ಮುಂಬಲ್ಲುಗಳ ನಡುವೆ ಪೆನ್ಸಿಲ್ ಇಟ್ಟು ದವಡೆಯನ್ನು ಎಡಕ್ಕೆ, ಬಲಕ್ಕೆ, ಮುಂದಕ್ಕೆ ಸರಿಸುವುದು, ಐದೈದು ಸಲ. ಪೆಟ್ಟಾದ ಕೀಲಿನ ಎದುರು ಕಡೆಗೆ ಸರಿಸುವುದು ಕಷ್ಟ, ಅಲ್ಲೇ ಜಾಸ್ತಿ ಗಮನ ಕೊಡಿ. ಕೊನೆಗೆ ಹೆಬ್ಬೆರಳನ್ನು ಮೇಲಿನ ಹಲ್ಲಿಗೆ, ತೋರುಬೆರಳನ್ನು ಕೆಳಗಿನ ಹಲ್ಲಿಗೆ ಕತ್ತರಿಯಂತೆ ಇಟ್ಟು ಒತ್ತಿ 30 ಸೆಕೆಂಡು ಹಿಡಿಯುವುದು. ಇಷ್ಟನ್ನೂ ದಿನಕ್ಕೆ ಐದಾರು ಸಲ.

ಐಸ್‌ಕ್ರೀಮ್ ಕಡ್ಡಿಯ ಉಪಾಯ ನನಗೆ ಎಲ್ಲಕ್ಕಿಂತ ಕೆಲಸಕ್ಕೆ ಬಂತು. ಅಂಗಡಿಯಲ್ಲಿ ಹೊಸ ಕಡ್ಡಿಯ ಕಟ್ಟು ಸಿಗುತ್ತದೆ. ನಿಮಗೆ ಹಿಡಿಸುವಷ್ಟು ಕಡ್ಡಿ ಜೋಡಿಸಿ ರಬ್ಬರ್ ಬ್ಯಾಂಡ್ ಹಾಕಿ, ಹಲ್ಲುಗಳ ನಡುವೆ ಇಟ್ಟು ಎರಡು ನಿಮಿಷ ಸುಮ್ಮನೆ ಕೂರಿ. ಸುಲಭ ಅನಿಸಿದ ದಿನ ನಡುವೆ ಒಂದು ಕಡ್ಡಿ ತೂರಿಸಿ. ನನ್ನ ಕಟ್ಟು 14 ಕಡ್ಡಿಯಿಂದ 20ಕ್ಕೆ ಹೋಯಿತು. ಮುಂಬಲ್ಲು ಅಲುಗಾಡುತ್ತಿದ್ದರೆ ಇದನ್ನು ಮಾಡಬೇಡಿ. ಎಳೆದಂಥ ನೋವು ಇದ್ದೇ ಇರುತ್ತದೆ. ಚುಚ್ಚಿದಂಥ ನೋವು ಬಂದರೆ, ಮುಗಿಸಿ ಅರ್ಧ ಗಂಟೆ ಆದರೂ ಇಳಿಯದಿದ್ದರೆ ನಿಮ್ಮ ಕೈ ಜೋರಾಗಿದೆ ಅಂತ ಲೆಕ್ಕ. ಸಾಧ್ಯವಾದರೆ ದವಡೆ ಗೊತ್ತಿರುವ ಫಿಸಿಯೋಥೆರಪಿಸ್ಟ್ ಹತ್ತಿರ ಹೋಗಿ. 2023ರಲ್ಲಿ ಬಿಎಂಜೆ ಅನ್ನುವ ಬ್ರಿಟನ್ನಿನ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಮಾರ್ಗಸೂಚಿ, ಬಹಳ ದಿನದಿಂದ ಇರುವ ದವಡೆ ಕೀಲಿನ ನೋವಿಗೆ ಒತ್ತಿ ಹೇಳಿದ್ದು ವ್ಯಾಯಾಮ, ಕೈಯಿಂದ ಮಾಡುವ ಚಿಕಿತ್ಸೆ ಮತ್ತು ಮನಸ್ಸಿಗೆ ಕೊಡುವ ತರಬೇತಿಯನ್ನು. ಬರೀ ನೋವಿಗಾಗಿ ಕೀಲು ತೊಳೆಯುವುದನ್ನು ಅದು ಅಷ್ಟಾಗಿ ಒಪ್ಪುವುದಿಲ್ಲ. ಹಾಗಾಗಿ ಬಾಯಿ ಚೆನ್ನಾಗಿ ತೆರೆಯುತ್ತಿದ್ದು ನೋವೊಂದೇ ಇದ್ದರೆ ಸೂಜಿಗೆ ಆತುರ ಪಡಬೇಡಿ.

ಸೂಜಿಯಿಂದ ಆಗದ್ದೂ ಇದೆ. ಮುರಿದ ಮೂಳೆ ತುಂಬಾ ಸರಿದಿದ್ದರೆ ಅದಕ್ಕೆ ಬೇರೆಯೇ ಚಿಕಿತ್ಸೆ. ಕೀಲು ಮೂಳೆಗೆ ಮೂಳೆ ಸೇರಿ ಬೆಸೆದು ಹೋಗಿದ್ದರೆ ಆಪರೇಷನ್ನೇ ದಾರಿ.

ಆ ಬೆಸೆಯುವ ಅಪಾಯ ಮಕ್ಕಳಲ್ಲಿ ಜಾಸ್ತಿ. ಮಗು ಮೆಟ್ಟಿಲಿಂದಲೋ ಸೈಕಲ್ಲಿಂದಲೋ ಬಿದ್ದು ಗದ್ದ ಒಡೆದುಕೊಂಡರೆ ಹೊಲಿಗೆಯ ಜೊತೆ ಎರಡೂ ಕೀಲನ್ನು ತೋರಿಸಲೇಬೇಕು. ಕೀಲು ಬೆಸೆದರೆ ದವಡೆ ಬೆಳೆಯುವುದು ನಿಲ್ಲುತ್ತದೆ, ಗದ್ದ ಹಿಂದೆ ಉಳಿಯುತ್ತದೆ, ಮಗು ಗೊರಕೆ ಹೊಡೆಯುತ್ತಾ ನಿದ್ದೆಯಲ್ಲಿ ಉಸಿರು ಕಟ್ಟಿ ಒದ್ದಾಡುತ್ತದೆ. ಅದಕ್ಕೇ ಮಕ್ಕಳ ದವಡೆಯನ್ನು ತುಂಬಾ ದಿನ ಕಟ್ಟಿಡುವುದಿಲ್ಲ, ಬೇಗ ಆಡಿಸಲು ಹೇಳುತ್ತಾರೆ. ಮಗುವಿನ ಬಾಯಿಯನ್ನು ಆರು ತಿಂಗಳು ವಾರಕ್ಕೊಮ್ಮೆ ಅಳೆಯಿರಿ. ಅದರದೇ ಮೂರು ಪುಟ್ಟ ಬೆರಳು ಅದರ ಬಾಯಿಗೆ ಹಿಡಿಸಬೇಕು.

ನಾನು ಈಗ ಗದ್ದವನ್ನೂ ಮುಚ್ಚುವ ಪೂರ್ತಿ ಹೆಲ್ಮೆಟ್ ಹಾಕುತ್ತೇನೆ. ಬಿದ್ದ ದಿನ ನನ್ನ ತಲೆಯಲ್ಲಿದ್ದದ್ದು ಅರ್ಧ ಹೆಲ್ಮೆಟ್. ತಲೆ ಉಳಿಯಿತು, ಗದ್ದ ಬಯಲಲ್ಲಿತ್ತು. ಮೂರನೇ ತಿಂಗಳಿಗೆ ಅಳತೆ 41 ಆಯಿತು. ಬಾಯಿ ತೆರೆದಾಗ ಕಟ್ ಅಂತ ಸಣ್ಣ ಶಬ್ದ ಇನ್ನೂ ಇದೆ, ನೋವಿಲ್ಲ, ನೋವಿಲ್ಲದ ಶಬ್ದಕ್ಕೆ ಚಿಕಿತ್ಸೆ ಬೇಡ ಅಂದರು ಮೇಡಂ. ಈಗ ಭಾನುವಾರ ಮಾತ್ರ ಸ್ಕೇಲ್ ಹಿಡಿಯುತ್ತೇನೆ. ಎರಡು ವಾರ ಸತತವಾಗಿ 3 ಮಿ.ಮೀ.ಗಿಂತ ಜಾಸ್ತಿ ಇಳಿದರೆ ಕಾಯದೆ ಬನ್ನಿ ಅಂದಿದ್ದಾರೆ. ಕಡ್ಡಿಯ ಕಟ್ಟು ಇನ್ನೂ ಮೇಜಿನ ಮೇಲೇ ಇದೆ.